ಪಂಚೆಯ ಅಗಲಕ್ಕೆ ಸಿಗದ ಅಪ್ಪ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಸಿನಿಮಾ ನೋಡಿದವರಲ್ಲ. ಕಾಲನ್ನಾದರೂ ಮಡಚಿಕೊಳ್ಳಬಹುದು; ಊರಗಲದ ಚಿತ್ರವೊಂದು ಮನೆಗೆ ಬಂದರೆ ಅದನ್ನು ಎಲ್ಲಿ ಮಡಚುವುದು? ಆಗ ಟಾಕೀಸುಗಳಲ್ಲಿ ಹಳೆಯ ಚೌಕ ಪರದೆಯನ್ನು ಕಿತ್ತು ಗೋಡೆಯಿಂದ ಗೋಡೆಗೆ ಹೊಸದನ್ನು ಎಳೆಯುತ್ತಿದ್ದ ಕಾಲ. ಅಂಥ ಅಗಲ ಚಿತ್ರವೊಂದನ್ನು ಕೃಷ್ಣಮೂರ್ತಿಪುರಂನ ನಮ್ಮ ವಠಾರದ ಪಡಸಾಲೆಗೆ ತರುವ ಹುಚ್ಚು ಧೈರ್ಯ ನನಗೆ ಬಂದದ್ದು ಅಮ್ಮನ ದೆಸೆಯಿಂದ.

ನಮ್ಮಪ್ಪ ಜೀವಮಾನದಲ್ಲಿ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ಅವರ ನಂಬಿಕೆ. ಮದುವೆಮನೆಯಲ್ಲಿ ಫೋಟೋದವನು ಕಪ್ಪುಬಟ್ಟೆ ಹೊದ್ದ ಕೂಡಲೇ ಇವರಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಅಂಥವರು, ಯಾವುದೋ ವಿದೇಶಿ ಕಂಪನಿಯವರು ಮೈಸೂರಿನ ಹತ್ತಿರದ ಸಣ್ಣ ಸ್ಟೇಷನ್ನಿನಲ್ಲಿ ಚಿತ್ರ ತೆಗೆಯಲು ಬಂದಾಗ ಜನರ ಗುಂಪಿನಲ್ಲಿ ನಿಲ್ಲಲು ಒಪ್ಪಿಬಿಟ್ಟರು. "ದೋಷ ಇರೋದು ನಿಂತ ಚಿತ್ರಕ್ಕೆ ಕಣೋ, ಓಡೋ ಚಿತ್ರಕ್ಕಲ್ಲ" ಎಂಬುದು ಅವರ ಶಾಸ್ತ್ರ. ಆ ಚಿತ್ರ ಮೈಸೂರಿಗೆ ಬರುವ ಮೊದಲೇ ಅವರು ತೀರಿಕೊಂಡರು. ಶಾಸ್ತ್ರದಲ್ಲಿ ಎಲ್ಲೋ ಲೋಪವಿತ್ತೆಂದು ನನ್ನ ಸೋದರತ್ತೆ ಇಂದಿಗೂ ವಾದಿಸುತ್ತಾರೆ.

ಚಿತ್ರ ಬಂದಾಗ ನಾನು ಟಾಕೀಸಿಗೆ ಹೋಗಿ ನೋಡಿದೆ. ಪರದೆಯ ಎಡತುದಿಯಲ್ಲಿ, ಕೋಟು ಪೇಟ ತೊಟ್ಟ ಅಪ್ಪ! ಕಣ್ಣು ಮಿಟುಕಿಸಿದರೆ ಮುಗಿದೇ ಹೋಯಿತು. ಅಮ್ಮನಿಗೆ ಬಂದು ಹೇಳಿದೆ. ಅಪ್ಪ ಹೋದಮೇಲೆ ಟಾಕೀಸಿನ ಮೆಟ್ಟಿಲು ತುಳಿಯುವುದಿಲ್ಲವೆಂದು ಅಮ್ಮ ಹಟ ಹಿಡಿದಿದ್ದಳು. ಸಾಲದ್ದಕ್ಕೆ ಅವಳ ಎರಡೂ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಆಪರೇಷನ್ ಎಂದರೆ ಹೆದರಿ ನಡುಗುತ್ತಿದ್ದಳು. "ಧ್ವನಿ ನೆನಪಿದೆ ಕಣೋ, ಮುಖ ಮರ್ತೋಗ್ತಾ ಇದೆ. ಕಣ್ಣು ಪೂರ್ತಿ ಮುಚ್ಚೋದ್ರೊಳಗೆ ಒಂದ್ಸಲ ತೋರಿಸ್ಬುಡು" ಎಂದಳು.

ಮಂಡಿ ಮೊಹಲ್ಲಾದಲ್ಲಿ ನನ್ನ ಸಹಪಾಠಿ ಶಿವಣ್ಣ ಇದ್ದ. ಶಾಲೆ, ಹಾಸ್ಟೆಲುಗಳಿಗೆ ಸಣ್ಣ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವುದು ಅವನ ಕಸುಬು. ಅವನೇ ಹೇಗೋ ಬೆಂಗಳೂರಿನಿಂದ ಆ ಚಿತ್ರದ ಹಳೆಯ ರೀಲುಗಳನ್ನು ತರಿಸಿದ. ಮೊದಲ ಪರೀಕ್ಷೆಯಲ್ಲಿ ದೊರೆಗಳೆಲ್ಲ ನುಗ್ಗೇಕಾಯಿಗಳಾಗಿ ಕಂಡರು. ಅಗಲ ಚಿತ್ರವನ್ನು ರೀಲಿನೊಳಗೆ ಹಿಂಡಿ ತುಂಬಿರುತ್ತಾರಂತೆ. ಶಿವಣ್ಣ ಬೇರೊಂದು ಲೆನ್ಸು ಸಿಕ್ಕಿಸಿದ. ನುಗ್ಗೇಕಾಯಿಗಳು ಮನುಷ್ಯರಾದವು, ಆದರೆ ಪಡಸಾಲೆಯ ಕಂಬಗಳ ನಡುವೆ ಪರದೆಯಾಗಿ ಕಟ್ಟಿದ್ದ ನನ್ನ ಮದುವೆಯ ಪಂಚೆ ಸಾಲದೇ ಹೋಯಿತು. ಎರಡೂ ಕಡೆ ಚಿತ್ರ ಹೊರಗೆ ಚೆಲ್ಲಿತು. ಯಂತ್ರವನ್ನು ಹತ್ತಿರ ತಂದರೆ ಪೂರ್ತಿ ಹಿಡಿಯುತ್ತಿತ್ತು, ನಿಜ. ಆಗ ಅಪ್ಪನ ಮುಖ ಅವರೆಕಾಳಿನಷ್ಟಾಗುತ್ತಿತ್ತು. ಅಮ್ಮನ ಕಣ್ಣಿಗೆ ಅವರೆಕಾಳು ಸಾಕಾಗುವುದಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ವಠಾರದವರಿಗಾಗಿ ನಾಯಕ ನಾಯಕಿ ಪಂಚೆಯ ಮಧ್ಯದಲ್ಲೇ ಇರಲಿ. ಸ್ಟೇಷನ್ ಬಂದಾಗ ನಾನು ಕೂಗಿದ ಕಡೆಗೆ ಶಿವಣ್ಣ ಯಂತ್ರ ತಿರುಗಿಸಲಿ. "ರೀಲು ಬಲೇ ಹಳೇದು ಕಣಪ್ಪ. ತಿರುಗಾ ಹಾಕು ಅನ್ಬೇಡ, ಕಿತ್ತೋದ್ರೆ ನನ್ನ ಕಥೆ ಮುಗೀತು" ಎಂದು ಅವನು ಮೊದಲೇ ಎಚ್ಚರಿಸಿದ್ದ.

ದೀಪ ಹಚ್ಚುವ ಹೊತ್ತಿಗೆ ಜನ ಸೇರಿದರು. ವಠಾರದ ಪದ್ಧತಿಯಂತೆ ಗಂಡಸರು ಪಂಚೆಯ ಮುಂದೆ, ಹೆಂಗಸರು ಅಡುಗೆಮನೆ ಕಡೆ ಪಂಚೆಯ ಹಿಂದೆ. ತೆಳುಬಟ್ಟೆಯಲ್ಲಿ ಚಿತ್ರ ಎರಡೂ ಕಡೆಗೆ ಕಾಣುತ್ತಿತ್ತು. ನಾನು ಅಮ್ಮನ ಪಕ್ಕದಲ್ಲಿ ಕುಳಿತೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಕುದುರೆ ಓಡಿದವು, ಬಂದೂಕು ಹಾರಿದವು, ಯಾರೋ ಯಾರನ್ನೋ ಮುದ್ದಿಸಿ ಗಂಡಸರ ಕಡೆ ಕೆಮ್ಮು ಶುರುವಾಯಿತು. ಅಮ್ಮನದು ಒಂದೇ ಪ್ರಶ್ನೆ: "ಬಂದ್ರೇನೋ?"

ರೈಲು ಕೂಗಿತು. ಸ್ಟೇಷನ್! ಹಿಂದಿನಿಂದ ನೋಡುತ್ತಿದ್ದ ನನಗೆ ಅಪ್ಪ ಪಂಚೆಯ ಬಲ ಅಂಚಿನಾಚೆ ಇದ್ದರು; ಚಿತ್ರವನ್ನು ಎಡಕ್ಕೆ ಸರಿಸಿದರೆ ಪಂಚೆಯೊಳಗೆ ಬರುತ್ತಾರೆಂದು ಕಂಡಿತು. "ಎಡಕ್ಕೆ ಶಿವಣ್ಣ, ಎಡಕ್ಕೆ!" ಎಂದು ಕಿರುಚಿದೆ. ಪಂಚೆಯ ಹಿಂದೆ ಕುಳಿತವನ ಎಡ ಮುಂದಿರುವವನಿಗೆ ಬಲವೆಂಬುದು, ಬಿ.ಎ. ಪಾಸು ಮಾಡಿದ ಈ ತಲೆಗೆ ಹೊಳೆಯಲಿಲ್ಲ. ಶಿವಣ್ಣ ಪಾಪ ತನ್ನ ಎಡಕ್ಕೆ ತಿರುಗಿಸಿದ. ಅಪ್ಪ ಪಂಚೆಯಿಂದ ಇನ್ನಷ್ಟು ದೂರ ಹಾರಿ ನಮ್ಮ ಬೆನ್ನ ಹಿಂದಿನ ಗೋಡೆಗೆ ಬಿದ್ದರು. "ಅಯ್ಯೋ, ಅಡಿಗೆಮನೆ ಬಾಗಿಲ ಮೇಲೆ ಯಜಮಾನ್ರು ಕಣ್ರೀ!" ಎಂದು ಪಕ್ಕದ ಮನೆಯ ನಂಜುಂಡಯ್ಯನವರು ಗಂಡಸರ ಕಡೆಯಿಂದ ಕೂಗಿದರು. ಅಮ್ಮ ತಡವರಿಸಿ ತಿರುಗುವಷ್ಟರಲ್ಲಿ ಬಾಗಿಲ ಮೇಲೆ ರೈಲಿನ ಹೊಗೆ ಮಾತ್ರ ಇತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅಮ್ಮ ಎದ್ದಳು. ಪಂಚೆಯನ್ನು ತಾನೇ ಬಿಚ್ಚಿ ನನ್ನ ಕೈಗಿತ್ತಳು. ಹೆಂಗಸರನ್ನೆಲ್ಲ ಎಬ್ಬಿಸಿ, ಗಂಡಸರ ಸಾಲಿನ ಮುಂದೆ ಹೋಗಿ ಕುಳಿತಳು. "ಶಿವಣ್ಣ, ಗೋಡೆ ಮೇಲೇ ಬಿಡಪ್ಪ. ದೊರೆ ದೊರೆಸಾನಿ ಯಾರೂ ಬೇಡ. ನಮ್ಮ ಯಜಮಾನ್ರು ನಿಂತಿರೋ ಕಡೆ ಮಾತ್ರ ಸಾಕು."

ಶಿವಣ್ಣ ರೀಲನ್ನು ಕೈಯಿಂದಲೇ ಹಿಂದಕ್ಕೆ ಸುತ್ತತೊಡಗಿದ. ಕಟಕಟ ಎಂದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಿತ್ತುಹೋಗಲಿಲ್ಲ. ಗೋಡೆಯ ಮೇಲೆ ಮತ್ತೆ ರೈಲು ಬಂತು, ಆಳೆತ್ತರದ ಅಪ್ಪ ಬಂದರು. ಪೇಟ ಸರಿಮಾಡಿಕೊಂಡು, ನಮ್ಮ ಕಡೆ ಒಮ್ಮೆ ನೋಡಿ, ಎಂದಿನಂತೆ ಮುಜುಗರದಿಂದ ಮುಖ ತಿರುಗಿಸಿದರು.

"ಅವರೇ" ಎಂದಳು ಅಮ್ಮ. "ಕಾಲರು ಮಡಿಸ್ಕೊಳ್ಳಿ ಅಂತ ಎಷ್ಟು ಬಡ್ಕೊಂಡಿದ್ದೆ." ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೂ ಅತ್ತೆ. ನಂಜುಂಡಯ್ಯನವರು ಕೂಡ ಮೂಗು ಒರೆಸಿಕೊಂಡರು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಚಿತ್ರ ತೆಗೆದ ದಿನ ಸ್ಟೇಷನ್ನಿನಲ್ಲಿ ಅಪ್ಪನ ಪಕ್ಕ, ಚೆನ್ನಾಗಿ ಬಿಸಿಲು ಬೀಳುವ ಕಡೆ ನಾನೂ ನಿಂತಿದ್ದೆ. ಇಂಗ್ಲಿಷ್ ಚಿತ್ರದಲ್ಲಿ ಪಾರ್ಟು ಮಾಡಿದವನೆಂದು ಆಫೀಸಿನಲ್ಲಿ ನನಗೆ ಸಣ್ಣ ಹೆಸರೂ ಇದೆ. ಎಲ್ಲರೂ ಹೋದಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: "ಅಮ್ಮ, ಪಕ್ಕದಲ್ಲಿ ನಾನು ಹೇಗೆ ಕಂಡೆ?"

"ನೀನೂ ಇದ್ದೆಯೇನೋ?" ಎಂದಳು ಅಮ್ಮ. "ಯಾವನೋ ಒಬ್ಬ ಅವರ ಮುಖಕ್ಕೆ ಅಡ್ಡ ಅಡ್ಡ ಬರ್ತಿದ್ದ. ಮನಸ್ಸಲ್ಲೇ ಬೈಕೋತಾ ಇದ್ದೆ. ಅವನು ನೀನಾ?"