ಅತ್ತಿಗೆಯ ಮೊದಲನೇ ಪಾಠ

ಕಾಫಿ ಬೆರೆಸುವುದಕ್ಕೂ ಪಠ್ಯಕ್ರಮ ಬೇಕೆನ್ನುವವರು ಈ ಭೂಮಿಯ ಮೇಲೆ ಒಬ್ಬರೇ, ನಮ್ಮತ್ತಿಗೆ. ನಂಬುವುದಿಲ್ಲವೇ? ಅವರು ಅಣ್ಣನಿಗೆ ಕಾಫಿ ಕಲಿಸುವಾಗ ನಾನು ಅಲ್ಲೇ ಇದ್ದೆ.

"ಯಾಕೆ ಕಲೀತಿದ್ದೀರಿ, ಮೊದಲು ಅದನ್ನ ಹೇಳಿ."

"ಕುಡಿಯೋಕೆ ಕಣೇ."

"ಅಲ್ಲ, ನಾನಿಲ್ಲದಾಗ ನೀವೇ ಮಾಡ್ಕೊಳ್ಳೋಕೆ. ಅಂದ್ಮೇಲೆ ನಾನ್ಯಾಕೆ ಪಕ್ಕದಲ್ಲಿ ನಿಂತಿರ್ಲಿ?" ಎಂದು ಹೋಗಿ ಸೋಫಾದ ಮೇಲೆ ಕೂತುಬಿಟ್ಟರು. ಆವತ್ತು ನಾವು ಕುಡಿದದ್ದನ್ನು ಕಾಫಿ ಎನ್ನಲು ಅಣ್ಣನಿಗೇ ಧೈರ್ಯವಾಗಲಿಲ್ಲ.

ಇಂಥವರು ಕೊಲ್ಲಿ ನಾಡಿನ ಹವಲ್ಲಿಯ ತಮ್ಮ ಫ್ಲಾಟಿನಲ್ಲಿ ಶುಕ್ರವಾರದ ಕನ್ನಡ ಕ್ಲಾಸು ತೆರೆದರೆ ಹೇಗಿರಬೇಡ! ಅಕ್ಷರಮಾಲೆ ಇಲ್ಲ, ಪದ್ಯ ಇಲ್ಲ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಊಟದ ಮೇಜಿನ ಕೆಳಗೆ ತೆವಳುತ್ತಿದ್ದವು. "ಬಗ್ಗು. ಗೋಡೆ ಹಿಡಿ. ಲಿಫ್ಟ್ ಬೇಡ, ಮೆಟ್ಟಿಲು."

"ಇದು ಕನ್ನಡವಾ, ಮಿಲಿಟ್ರಿಯಾ ಟೀಚರೇ?" ಎಂದರು ಮಂಗಳೂರಿನ ಒಬ್ಬ ತಾಯಿ. "ಫಂಕ್ಷನ್‌ಗೆ ಒಂದು ಪದ್ಯ ಕಲಿಸಿ ಮಾರಾಯ್ರೆ."

"ಮಕ್ಕಳಿಗೆ ಯಾವ ಮಾತು ಯಾವಾಗ ಬೇಕಾಗುತ್ತೆ ಅಂತ ನೋಡಿ ಪಾಠ ಜೋಡಿಸ್ಬೇಕು. ಗಾಬರಿಯಾದಾಗ ನೀವು ಯಾವ ಭಾಷೇಲಿ ಕೂಗ್ತೀರಿ?"

"ಕೊಂಕಣಿಯಲ್ಲಿ."

ಮುಂದಿನ ವಾರ ಪಾಠಕ್ಕೆ ಕೊಂಕಣಿಯೂ ಸೇರಿತು. ಪದ್ಯ ಮಾತ್ರ ಬರಲಿಲ್ಲ.

ಕಳೆದ ಚಳಿಗಾಲದ ಒಂದು ಶುಕ್ರವಾರ ಬೆಳಗ್ಗೆ, ಮಕ್ಕಳನ್ನು ನನಗೊಪ್ಪಿಸಿ ಅತ್ತಿಗೆ ಹಾಲು ತರಲು ಕೆಳಗಿನ ಅಂಗಡಿಗೆ ಇಳಿದಿದ್ದರು. ಹೊರಗೆ ಲಿಫ್ಟಿನ ಪಕ್ಕದ ಕರೆಂಟಿನ ಪೆಟ್ಟಿಗೆ ಹೊತ್ತಿಕೊಂಡಿತು. ಬಾಗಿಲ ಸಂದಿಯಿಂದ ಹೊಗೆ, ರಬ್ಬರು ಸುಟ್ಟ ವಾಸನೆ. ನಾನೇನು ಮಾಡಿದೆ? ಮಕ್ಕಳನ್ನು ಎಳೆದುಕೊಂಡು ನೆಟ್ಟಗೆ ಲಿಫ್ಟಿಗೇ ಓಡಿದೆ. ಕಣ್ಣು ಮುಚ್ಚಿದರೆ ಈಗಲೂ ಅದರ ಗುಂಡಿಯ ಮೇಲೆ ನನ್ನ ಬೆರಳು ಕಾಣುತ್ತದೆ.

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಕುರ್ತಾ ಜಗ್ಗಿದಳು. "ಅಮ್ಮಾ, ಲಿಫ್ಟ್ ಬೇಡ. ಬಗ್ಗು."

ಉಳಿದ ಮಕ್ಕಳು ಆಗಲೇ ನೆಲ ಹಿಡಿದಿದ್ದವು. ಸಾಲಾಗಿ, ಗೋಡೆ ಸವರುತ್ತ, ಮೆಟ್ಟಿಲಿನ ಕಡೆಗೆ. ಎಲ್ಲರ ಹಿಂದೆ ಎಂ.ಎಸ್ಸಿ. ಓದಿದ ನಾನು, ಅಂಬೆಗಾಲಲ್ಲಿ.

ಕೆಳಗೆ ಅತ್ತಿಗೆ ಹಾಲಿನ ಪ್ಯಾಕೆಟ್ಟನ್ನು ಎದೆಗೊತ್ತಿಕೊಂಡು, ಕಾವಲುಗಾರ ತಡೆದರೂ ಕೇಳದೆ ಒಳಗೆ ನುಗ್ಗಲು ನೋಡುತ್ತಿದ್ದರು. ನಮ್ಮನ್ನು ಕಂಡವರೇ ಒಂದೊಂದು ಮಗುವಿನ ತಲೆಯನ್ನೂ ಮುಟ್ಟಿ ಮುಟ್ಟಿ ನೋಡಿದರು.

"ನಾನಿರ್ಲಿಲ್ವಲ್ಲೇ," ಎಂದರು ನನಗೆ. "ನಾನಿರ್ಲಿಲ್ಲ." ಎನ್ನುತ್ತ ನಿಂತಲ್ಲೇ ವಾಲಿದರು.

ಮಗಳು ಅವರ ಕೈ ಹಿಡಿದು ಮೆಲ್ಲಗೆ ಕಟ್ಟಡಕ್ಕೆ ತಾಗಿಸಿದಳು.

"ಅತ್ತೆ, ಗೋಡೆ ಹಿಡಿ."