ಅಜ್ಜಿಯ ಕೇಕು ಇಡಿಯಾಗಿ ಮುಟ್ಟಿದ ದಿನ

ಈಗ ಹೇಳಹೊರಟಿರುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಹಾಕಬೇಡಿ. ನೊಣದಷ್ಟಿದ್ದದ್ದನ್ನು ನೊಣದಷ್ಟೇ ಹೇಳುತ್ತೇನೆ. ಎಲ್ಲಾದರೂ ಆನೆ ಬಂದರೆ, ಅಲ್ಲಿ ಆನೆಯೇ ಇತ್ತು ಅಂತ ತಿಳಿದುಕೊಳ್ಳಿ.

ಎಲ್ಲಾ ಶುರುವಾದದ್ದು ಸಕ್ಕರೆಯ ಗುಲಾಬಿಯಿಂದ. ಬೇಕರಿಯಲ್ಲಿ ವ್ಯಾನು ಓಡಿಸುವ ಒಬ್ಬನಿದ್ದ. ಹುಟ್ಟಿದಾಗ ಇಟ್ಟ ಹೆಸರನ್ನು ಅವನೇ ಮರೆತಿದ್ದ, ಊರೆಲ್ಲ ಕರೆಯುತ್ತಿದ್ದದ್ದು ಗಡಿಬಿಡಿ ಅಂತ. ಬೇಕರಿ ಅವನ ಭಾವನದು, ಕೇಕು ಮಾಡುವವಳು ಅಕ್ಕ, ಇವನ ವಾಸ ಅದೇ ಬೇಕರಿಯ ಮೇಲಿನ ಕೋಣೆಯಲ್ಲಿ. ಕಡಲ ತುದಿಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬಳ ಎಂಬತ್ತನೇ ಹುಟ್ಟುಹಬ್ಬಕ್ಕೆ ಮೂರು ಅಂತಸ್ತಿನ ಕೇಕು ಬೇಕು ಅಂತ ಹೇಳಿಕಳಿಸಿದ್ದರು. ಎಂಬತ್ತಕ್ಕೆ ಎಂಬತ್ತು ಗುಲಾಬಿ ಇರಲಿ ಅಂತ ಅಕ್ಕನಿಗೆ ಹೊಳೆಯಿತು. ಮೂರು ದಿನ ಕೂತು ಸಕ್ಕರೆ ಪಾಕದಲ್ಲಿ ಎಂಬತ್ತು ಗುಲಾಬಿ ಮಾಡಿದಳು. ಆ ಮೂರು ದಿನ ಮನೆಯಲ್ಲಿ ಯಾರೂ ಜೋರಾಗಿ ಸೀನುವಂತಿರಲಿಲ್ಲ.

ಆ ಹಳ್ಳಿಗೆ ಹದಿನೆಂಟು ಕಿಲೋಮೀಟರು. ಅದನ್ನು ರಸ್ತೆ ಅನ್ನುವುದು ಬರೀ ಗೌರವಕ್ಕೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಎರಡಕ್ಕೂ ಬೇಡವಾದ ಕಲ್ಲುಗಳು. ಒಂಬತ್ತು ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೂ ಕೇಕು ಇಲ್ಲಿಂದ ಅರಮನೆಯಾಗಿ ಹೊರಟು, ಅಲ್ಲಿ ಭೂಕಂಪವಾಗಿ ಇಳಿಯುತ್ತಿತ್ತು. ಆ ಒಂಬತ್ತು ವರ್ಷದಲ್ಲಿ ಭಾವ ಏಳು ಡ್ರೈವರುಗಳನ್ನು ಮನೆಗೆ ಕಳಿಸಿದ್ದರು. ಹಳ್ಳಿಯವರು ಒಂದು ದಿನವೂ ದೂರು ಹೇಳಲಿಲ್ಲ. ಮುಂದಿನ ವರ್ಷ ಮತ್ತೆ ಅವರೇ ಹೇಳಿಕಳಿಸುತ್ತಿದ್ದರು. ಭಾವನ ನಿದ್ದೆ ಕೆಡಿಸಿದ್ದೂ ಅದೇ.

"ಬೈದಿದ್ರೆ ಸಮಾಧಾನ ಆಗ್ತಿತ್ತು ಕಣೋ," ಅಂದರು ಭಾವ ಅವತ್ತು ಬೆಳಿಗ್ಗೆ, ವ್ಯಾನಿನ ಬೀಗದ ಕೈಯನ್ನು ಮೊಳೆಯಿಂದ ತೆಗೆಯುತ್ತಾ. "ಒಳ್ಳೇ ಜನ. ನುಂಗ್ಕೊಂಡು ಸುಮ್ನಿದಾರೆ. ಈ ಸಲ ಇಡಿಯಾಗಿ ಮುಟ್ಟಬೇಕು. ಮುಟ್ಟಿತು, ನಮಗೆ ತೃಪ್ತಿಯಾಯ್ತು ಅಂತ ಅವರ ಕೈಯಲ್ಲೇ ಬರೆಸಿ, ಅಜ್ಜಿ ಹತ್ರ ರುಜು ಹಾಕಿಸ್ಕೊಂಡು ಬಾ."

"ಫೋಟೋ ತೆಗೆದು ತಂದ್ರೆ ಸಾಲದಾ ಭಾವ?"

"ಹಿಂದಿನವನು ಇಲ್ಲೇ ಬಾಗಿಲ ಮುಂದೆ ಫೋಟೋ ತೆಗೆದು ಅಲ್ಲಿ ತೆಗೆದದ್ದು ಅಂತ ತೋರಿಸಿದ್ದ. ಹಿಂದೆ ನಾನೇ ನಿಂತಿದ್ದೆ ಫೋಟೋದಲ್ಲಿ! ಬರವಣಿಗೆ ತಾ. ತಂದ್ರೆ ವ್ಯಾನು ನಿಂದು. ಇಲ್ಲಾಂದ್ರೆ ಕೀ ಈ ಮೊಳೆಗೆ, ನೀನು ಒಲೆ ಮುಂದೆ ಹಿಟ್ಟು ಜರಡಿ ಹಿಡಿಯೋಕೆ."

ಮೂವತ್ತೆಂಟು ವರ್ಷದಲ್ಲಿ ಗಡಿಬಿಡಿಗೆ ಹೊಂದಿಕೊಂಡ ಏಕೈಕ ಜೀವಿ ಆ ವ್ಯಾನು. ಅವನು ತನ್ನ ಹಾಸಿಗೆಯನ್ನೇ ಹೊತ್ತು ತಂದು ವ್ಯಾನಿನೊಳಗೆ ಹಾಸಿದ. ಅದರ ಮೇಲೆ ಲಾರಿಯ ಹಳೇ ಟ್ಯೂಬಿಗೆ ಗಾಳಿ ತುಂಬಿ ಇಟ್ಟ. ಟ್ಯೂಬಿನ ಮೇಲೆ ಹಲಗೆ, ಹಲಗೆಯ ಮೇಲೆ ಕೇಕಿನ ಪೆಟ್ಟಿಗೆ. ವ್ಯಾನಿನ ಟೈರುಗಳ ಗಾಳಿಯನ್ನೂ ಅರ್ಧಕ್ಕೆ ಇಳಿಸಿದ. ಅಕ್ಕ ಪೆಟ್ಟಿಗೆಗೆ ಕೈಮುಗಿದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಡುವ ಹೊತ್ತಿಗೆ ಮೇಷ್ಟ್ರು ಬಂದರು. ಅದೇ ಹಳ್ಳಿಯವರು, ನಿವೃತ್ತರು. ಹೊಸ ಕನ್ನಡಕ ಹಾಕಿಸಿಕೊಳ್ಳಲು ಪೇಟೆಗೆ ಬಂದಿದ್ದವರು ವಾಪಸು ಹೋಗಲು ವ್ಯಾನಿನಲ್ಲಿ ಜಾಗ ಕೇಳಿದರು.

"ಹತ್ತಿ ಮೇಷ್ಟ್ರೇ," ಅಂದರು ಭಾವ. "ನೀವಿದ್ರೆ ಸಾಕ್ಷಿಯೂ ಆಯ್ತು."

ಮೊದಲ ಮೂರು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು.

"ಏನಪ್ಪಾ, ಗಾಡಿ ಹೋಗ್ತಿದೆಯೋ, ನಿಂತಿದೆಯೋ?"

"ಹೋಗ್ತಿದೆ ಮೇಷ್ಟ್ರೇ."

"ಅಲ್ಲ, ಆಗಿನಿಂದ ಒಂದು ಬಸವನಹುಳ ನನ್ನ ಪಕ್ಕದಲ್ಲೇ ಬರ್ತಿತ್ತು. ಈಗ ಮುಂದೆ ಹೋಯ್ತು. ಅದಕ್ಕೆ ಕೇಳಿದೆ."

ಗಡಿಬಿಡಿಯ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಪೆಟ್ಟಿಗೆಯ ಮೇಲೆ. ಎರಡೂ ಕಣ್ಣು ಒಂದಕ್ಕೊಂದು ಪರಿಚಯವಿಲ್ಲದವರ ಹಾಗೆ ತಿರುಗುತ್ತಿದ್ದವು.

"ಇಷ್ಟು ಜಾಗ್ರತೆ ಯಾಕಪ್ಪಾ? ಹಿಂದಿನ ಡ್ರೈವರುಗಳು ಹೇಗೆ ಬರ್ತಿದ್ರು! ಕೂತವರ ತಲೆ ಮೇಲಿನ ತಗಡಿಗೆ ಬಡಿದು ವಾಪಸ್ ಬರೋದು."

"ಅದಕ್ಕೇ ಅವರ ಕೆಲಸ ಹೋಯ್ತು."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಕನ್ನಡಕ ತೆಗೆದು ಒರೆಸಿದರು, ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ, "ಎಡಕ್ಕೆ ತಗೋ, ಎಡಕ್ಕೆ! ಎಡಗಡೆ ಚೆನ್ನಾಗಿದೆ," ಎಂದು ಕೂಗಿದರು. ಎಡಗಡೆ ಒಂದು ಸಂಸಾರ ಹೂಡಬಹುದಾದಷ್ಟು ದೊಡ್ಡ ಗುಂಡಿ ಇತ್ತು. ಗಡಿಬಿಡಿ ಬಲಕ್ಕೆ ತಿರುಗಿಸಿ ಪಾರಾದ. ಹೊಸ ಕನ್ನಡಕ, ಇನ್ನೂ ಕಣ್ಣಿಗೆ ಒಗ್ಗಿಲ್ಲ ಅಂದುಕೊಂಡ. ಮುಂದೆ ಆರು ಸಲ ಮೇಷ್ಟ್ರು ದಾರಿ ಹೇಳಿದರು. ಆರು ಸಲವೂ ಅದು ಗುಂಡಿಯ ದಾರಿಯೇ ಆಗಿತ್ತು.

ಹತ್ತನೇ ಕಿಲೋಮೀಟರಿನಲ್ಲಿ ರೋಲರು. ಈ ರಸ್ತೆಯನ್ನು ರಿಪೇರಿ ಮಾಡಲು ಬಂದ ರೋಡ್ ರೋಲರು ಈ ರಸ್ತೆಯಲ್ಲೇ ಹೂತುಹೋಗಿ, ಈಗ ಹೊಗೆ ಕೊಳವೆಯೂ ಡ್ರೈವರನ ಸೀಟೂ ಮಾತ್ರ ಮೇಲೆ ಉಳಿದಿದ್ದವು. ಅದರ ಈಚೆಗೆ ಅರ್ಧ ಫರ್ಲಾಂಗು ಬರೀ ಕಲ್ಲಿನ ಮೆಟ್ಟಿಲು. ಇಲ್ಲಿ ಹಾಸಿಗೆಯೂ ಟ್ಯೂಬೂ ಏನೂ ಮಾಡಲಾರವು ಅಂತ ಗಡಿಬಿಡಿಗೆ ಗೊತ್ತಾಯಿತು. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಉಸಿರು ಬಿಗಿಹಿಡಿದು ಮೆಟ್ಟಿಲಿಳಿದು ಹೋಗಿ ರೋಲರಿನ ಸೀಟಿನ ಮೇಲೆ ಕೂರಿಸಿದ. ವಾಪಸು ಬಂದು ವ್ಯಾನನ್ನು ಇಳಿಸಿದ. ವ್ಯಾನಿನ ಒಂದು ಬಾಗಿಲು ಮೂರನೇ ಮೆಟ್ಟಿಲಿನಲ್ಲೇ ಉಳಿಯಿತು. ಅದನ್ನೂ ಹೋಗಿ ಎತ್ತಿಕೊಂಡು ಬಂದ.

ಬಂದು ನೋಡಿದರೆ ರೋಲರಿನ ಮೇಲೆ ಒಂದು ಆಡು. ಪೆಟ್ಟಿಗೆಯ ಮುಚ್ಚಳ ಸರಿಸಿ, ಬಹಳ ದಿನದಿಂದ ಕೇಕು ತಿಂದು ಅಭ್ಯಾಸವಿರುವವರ ಹಾಗೆ ಮೇಲಿನ ಗುಲಾಬಿಯನ್ನು ನಾಜೂಕಾಗಿ ಅಗಿಯುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರು ಕೈಕಟ್ಟಿ ನಿಂತಿದ್ದರು.

"ಓಡಿಸಬಾರದಾ ಮೇಷ್ಟ್ರೇ!"

"ಪಾಪ, ಕೇಕಿನೊಳಗೂ ಬಾಯಿ ಹಾಕುತ್ತಾ ಅಂತ ನೋಡ್ತಿದ್ದೆ."

ಗಡಿಬಿಡಿ ಆಡಿನ ಮೇಲೆ ತನ್ನ ಚಪ್ಪಲಿ ಎಸೆದ. ಆಡು ಓಡಿತು, ಚಪ್ಪಲಿ ಸಮುದ್ರಕ್ಕೆ ಹೋಯಿತು. ಒಂದೊಂದೇ ಗುಲಾಬಿ ಎಣಿಸಿದ. ಎಪ್ಪತ್ತೆಂಟು. ಉಳಿದವನ್ನು ಒಂದಿಷ್ಟು ಸರಿಸಿ ಖಾಲಿ ಜಾಗ ಮುಚ್ಚಿದ.

"ಚಿಂತೆ ಮಾಡ್ಬೇಡ," ಅಂದರು ಮೇಷ್ಟ್ರು. "ಎರಡು ವರ್ಷ ಕಮ್ಮಿ ತೋರಿಸಿದ್ದಕ್ಕೆ ಯಾವ ಅಜ್ಜಿಯೂ ಬೇಜಾರು ಮಾಡ್ಕೊಳ್ಳಲ್ಲ."

ಬೆಳಿಗ್ಗೆ ಏಳಕ್ಕೆ ಹೊರಟವರು ಮಧ್ಯಾಹ್ನ ಒಂದಕ್ಕೆ ಮುಟ್ಟಿದರು. ಒಂದು ಕಾಲಿಗೆ ಚಪ್ಪಲಿ, ವ್ಯಾನಿಗೆ ಒಂದೇ ಬಾಗಿಲು, ಬೆನ್ನಿನಲ್ಲಿ ಮೂಳೆಗಳ ಲೆಕ್ಕ ತಪ್ಪಿತ್ತು. ಆದರೆ ಪೆಟ್ಟಿಗೆಯೊಳಗೆ ಮೂರು ಅಂತಸ್ತೂ ನೆಟ್ಟಗೆ ನಿಂತಿದ್ದವು. ಗಡಿಬಿಡಿಯ ಕಣ್ಣಲ್ಲಿ ನೀರೇ ಬಂತು.

ಅಜ್ಜಿಯ ಮನೆಯ ಅಂಗಳದಲ್ಲಿ ಊರೇ ಸೇರಿತ್ತು. ನಡುವೆ ಮಗು ಮೀಯಿಸುವಷ್ಟು ದೊಡ್ಡ ಬೋಗುಣಿ. ಸುತ್ತ ಕೂತ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚಮಚ. ಗಡಿಬಿಡಿ ಪೆಟ್ಟಿಗೆಯನ್ನು ಅಜ್ಜಿಯ ಮುಂದೆ ಇಟ್ಟು, ಗಂಟಲು ಸರಿಮಾಡಿಕೊಂಡು, ಮುಚ್ಚಳ ತೆಗೆದ. ಚಪ್ಪಾಳೆಗೆ ಕಾದ.

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಕೊನೆಗೆ ಒಂದು ಪುಟ್ಟ ಹುಡುಗಿ, "ಅಮ್ಮಾ, ಇದು ಒಡೆದೇ ಇಲ್ಲ!" ಎಂದು ಹೋ ಎಂದು ಅತ್ತಳು.

ಅಷ್ಟರಲ್ಲಿ ಅಜ್ಜಿಯ ದೊಡ್ಡ ಮಗ ಒಳಗೆ ಹೋಗಿ ಚಾಕು ತಂದ. ಅವನು ದೋಣಿಯ ಎಂಜಿನು ರಿಪೇರಿ ಮಾಡುವವನು. ಅದನ್ನು ನೋಡಿ ಬಲೆ ನೇಯುವ ಚಿಕ್ಕ ಮಗನೂ ಒಳಗೆ ಹೋಗಿ ಇನ್ನೊಂದು ಚಾಕು ತಂದ.

"ಹಿರಿಯ ನಾನು. ಕತ್ತರಿಸೋನು ನಾನು."

"ಹುಟ್ಟಿದ್ದು ಮೊದಲು ಅಷ್ಟೇ. ಅಮ್ಮನ್ನ ನೋಡ್ಕೊಳ್ಳೋನು ನಾನು."

"ಹತ್ತು ವರ್ಷದ ಹಿಂದೆ ನೀನು ಕತ್ತರಿಸಿದಾಗ ನನ್ನ ಹೆಂಡತಿಗೆ ಕೊಟ್ಟ ತುಂಡು ಎಷ್ಟಿತ್ತು ಗೊತ್ತಾ? ಅದರ ಹಿಂದೆ ಇರುವೆಯೂ ಅಡಗೋಕಾಗ್ತಿರ್ಲಿಲ್ಲ!"

ಗಡಿಬಿಡಿಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರು ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ನೋಡಪ್ಪಾ, ಅಜ್ಜಿಯ ಎಪ್ಪತ್ತನೇ ವರ್ಷಕ್ಕೆ ಮನೇಲೇ ಕೇಕು ಮಾಡಿದ್ರು. ಯಾರು ಕತ್ತರಿಸೋದು, ಯಾರಿಗೆ ಎಷ್ಟು ತುಂಡು ಅಂತ ಜಗಳ ಆಗಿ ಅಣ್ಣತಮ್ಮ ಇದೇ ಅಂಗಳದ ನಡುವೆ ಗೋಡೆ ಕಟ್ಟಿದ್ರು. ಮಾರನೇ ವರ್ಷ ನಿಮ್ಮ ಬೇಕರಿ ಕೇಕು ಬಂತು. ಪುಡಿಪುಡಿ! ಕತ್ತರಿಸೋಕೇ ಏನೂ ಇಲ್ಲ. ಬೋಗುಣಿಗೆ ಸುರಿದು ಎಲ್ಲಾ ಚಮಚ ಹಾಕಿ ತಿಂದ್ರು. ಯಾರ ತುಂಡೂ ದೊಡ್ಡದಲ್ಲ, ಯಾರದೂ ಚಿಕ್ಕದಲ್ಲ. ಆ ವಾರವೇ ಗೋಡೆ ಕೆಡವಿದ್ರು."

"ಮತ್ತೆ ಇದನ್ನ ಬೆಳಿಗ್ಗೆಯೇ ಹೇಳಬಾರದಿತ್ತಾ?"

"ಹೇಗೆ ಹೇಳೋದಪ್ಪಾ? ನಿಮ್ಮಕ್ಕ ಅಷ್ಟು ಅಕ್ಕರೆಯಿಂದ ಮಾಡ್ತಾಳೆ. ನಿನ್ನ ಕೇಕು ಚೂರುಚೂರಾದ್ರೇನೇ ಚೆಂದ ಅಂತ ಮುಖಕ್ಕೆ ಹೇಳೋಕಾಗುತ್ತಾ? ನಮ್ಮೂರಿಗೂ ಮಾನ ಮರ್ಯಾದೆ ಅಂತ ಇದೆ. ನಾನು ಎಡಕ್ಕೆ, ಎಡಕ್ಕೆ ಅಂತ ಬಾಯಿ ಬಡ್ಕೊಂಡೆ. ನೀನು ಕೇಳಲಿಲ್ಲ."

ಗಡಿಬಿಡಿ ಕಾಗದ ಪೆನ್ನು ಹಿಡಿದು ಅಜ್ಜಿಯ ಕಾಲ ಬುಡದಲ್ಲಿ ಕುಕ್ಕರಿಸಿದ. "ಅಜ್ಜೀ, ಅವರು ಏನಾದ್ರೂ ಮಾಡ್ಕೊಳ್ಳಲಿ. ಇಡಿಯಾಗಿ ಬಂತು, ತೃಪ್ತಿಯಾಯ್ತು ಅಂತ ಒಂದು ರುಜು ಹಾಕಿಬಿಡಿ. ನನ್ನ ಹೊಟ್ಟೆಪಾಡು."

"ಯಾವ ತೃಪ್ತಿಗೆ ರುಜು ಹಾಕ್ಲಿ ಮಗಾ?" ಅಂದಳು ಅಜ್ಜಿ. "ನನ್ನ ಹುಟ್ಟಿದ ದಿನ ನನ್ನ ಇಬ್ಬರು ಮಕ್ಕಳೂ ಚಾಕು ಹಿಡ್ಕೊಂಡು ನಿಂತಿದಾರೆ."

"ಹಾಗಾದ್ರೆ ನಾನೇ ಒಂದು ಸೌಟು ತಗೊಂಡು ಕಲಸಿಬಿಡ್ತೀನಿ!"

"ಸೌಟಲ್ಲಿ ಕಲಸಿದ್ರೆ ಗೋಡೆಗೆ ಮೆತ್ತೋ ಗಾರೆ ಆಗುತ್ತೆ. ರಸ್ತೆಯೇ ಕಲಸಬೇಕು. ಅದರ ಹದವೇ ಬೇರೆ. ಕೆನೆ ಒಳಗೆ ಹೋಗಿ, ಜಾಮು ಹೊರಗೆ ಬಂದು... ಹೋಗು ಮಗಾ, ರೋಲರಿನವರೆಗೆ ಹೋಗಿ, ಆ ಮೆಟ್ಟಿಲು ಹತ್ತಿಳಿದು ಬಾ."

ಊರೆಲ್ಲ "ಹೂಂ" ಅಂದಿತು. ಗಡಿಬಿಡಿ ಪೆಟ್ಟಿಗೆಯೊಳಗಿನ ಗುಲಾಬಿಗಳನ್ನು ನೋಡಿದ. ಮನಸ್ಸು ಬರಲಿಲ್ಲ. ದೊಡ್ಡ ಮಗ ಚಾಕು ಇನ್ನೂ ಕೆಳಗಿಟ್ಟಿರಲಿಲ್ಲ. ಹಾಗಾಗಿ ಮನಸ್ಸು ಬಂತು.

ಹಾಸಿಗೆ ತೆಗೆದರು. ಟ್ಯೂಬು ತೆಗೆದರು. ಟೈರಿಗೆ ಪಂಪು ಹೊಡೆದು ಕಲ್ಲಿನಂತೆ ಗಾಳಿ ತುಂಬಿಸಿದರು. ಒಬ್ಬನ ಪಾಲನ್ನು ಇನ್ನೊಬ್ಬ ದಾರಿಯಲ್ಲೇ ತಿಂದಾನು ಅಂತ ಅಣ್ಣತಮ್ಮ ಇಬ್ಬರೂ ಪೆಟ್ಟಿಗೆಯ ಆಚೆ ಈಚೆ ಹತ್ತಿ ಕೂತರು. ಕೆಟ್ಟದಾಗಿ ಓಡಿಸು ಅಂತ ಗಡಿಬಿಡಿಗೆ ಹುಟ್ಟಿದ ಮೇಲೆ ಮೊದಲ ಸಲ ಜನ ಕೇಳಿಕೊಂಡಿದ್ದರು. ಅವನು ಅವರ ಮಾತಿಗೆ ಕುಂದು ತರಲಿಲ್ಲ. ಎಡಗಡೆಯ ಒಂದು ಗುಂಡಿಯನ್ನೂ ಬಿಡಲಿಲ್ಲ. ಹೋಗುವಾಗ ಗಂಟುಮುಖ ಹಾಕಿದ್ದ ಅಣ್ಣತಮ್ಮ ಬರುವಾಗ ಹುಬ್ಬಿನ ಮೇಲೆಲ್ಲ ಕೆನೆ ಮೆತ್ತಿಕೊಂಡು, ಒಬ್ಬರನ್ನೊಬ್ಬರು ಗಟ್ಟಿಯಾಗಿ ತಬ್ಬಿಕೊಂಡಿದ್ದರು. ಪ್ರೀತಿಯಿಂದಲೋ, ಬೀಳುವ ಭಯದಿಂದಲೋ, ಕೇಳಲು ಯಾರೂ ಹೋಗಲಿಲ್ಲ.

ಬೋಗುಣಿ ತುಂಬಿತು. ಚಮಚಗಳ ಸದ್ದು ಸಮುದ್ರದ ಸದ್ದನ್ನು ಮುಚ್ಚಿತು. ಅಜ್ಜಿ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಈಗ ತಾ ಮಗಾ, ಎಲ್ಲಿ ರುಜು ಹಾಕಲಿ?"

ಕಾಗದ ಬರೆಯಲು ಕೂತವರು ಮೇಷ್ಟ್ರು.

"ಇಡಿಯಾಗಿ ಬಂತು ಅಂತ ಬರೀರಿ ಮೇಷ್ಟ್ರೇ. ಬಂದಿತ್ತಲ್ಲ! ನಿಮ್ಮ ಕಣ್ಣಾರೆ ನೋಡಿದ್ರಲ್ಲ!"

"ಅದು ಬಂದದ್ದು ಎರಡು ಸಲ," ಅಂದರು ಮೇಷ್ಟ್ರು. "ಇಡಿಯಾಗಿ ಬಂದಾಗ ತೃಪ್ತಿ ಆಗಲಿಲ್ಲ. ತೃಪ್ತಿ ಆದಾಗ ಇಡಿಯಾಗಿರಲಿಲ್ಲ. ಎರಡನ್ನೂ ಸೇರಿಸಿ ಬರೆದ್ರೆ ಸುಳ್ಳಾಗುತ್ತೆ. ಮೂವತ್ತಾರು ವರ್ಷ ಮಕ್ಕಳಿಗೆ ಸುಳ್ಳು ಬರೀಬೇಡಿ ಅಂತ ಕಿವಿ ಹಿಂಡಿದ ಕೈ ಇದು."

"ಹೋಗಲಿ, ಬರೀ ತೃಪ್ತಿ ಅಂತ ಬರೀರಿ!"

"ಕಾರಣ ಹೇಳದೆ ಬರೆದದ್ದಕ್ಕೆ ನಾನು ಯಾವತ್ತೂ ಅಂಕ ಕೊಟ್ಟವನಲ್ಲ."

ಸಮುದ್ರದ ನೀರು ಏರಿ ದಾರಿ ಮುಚ್ಚುವ ಹೊತ್ತಾಗಿತ್ತು. ಅಜ್ಜಿ ರುಜು ಹಾಕಿ ಕೊಟ್ಟ ಕಾಗದವನ್ನು ಓದದೇ ಜೇಬಿಗೆ ತುರುಕಿಕೊಂಡು ಗಡಿಬಿಡಿ ಹೊರಟ. ಸಂಜೆ ಅಂಗಡಿ ಮುಟ್ಟಿದಾಗ ಭಾವ ಬಾಗಿಲಲ್ಲೇ ಇದ್ದರು. ಕಾಗದ ಕಸಿದುಕೊಂಡು ಗಟ್ಟಿಯಾಗಿ ಓದಿದರು.

"'ತಾವು ಕಳಿಸಿದ ಕೇಕು ಎಂದಿನಂತೆ ಪುಡಿಪುಡಿಯಾಗಿ ತಲುಪಿತು. ಇಷ್ಟು ಚೆನ್ನಾಗಿ ಪುಡಿಯಾದದ್ದು ಒಂಬತ್ತು ವರ್ಷದಲ್ಲಿ ಕಂಡಿಲ್ಲ. ಇಡೀ ಊರಿಗೆ ಪರಮ ತೃಪ್ತಿ. ಮುಂದೆಯೂ ಇದೇ ಚಾಲಕರನ್ನು ಕಳಿಸಬೇಕಾಗಿ ವಿನಂತಿ.'"

ಭಾವ ಒಳಗಿದ್ದ ಅಕ್ಕನಿಗೆ ಕೂಗಿ ಹೇಳಿದರು. "ನೋಡೇ, ಎಷ್ಟು ಸಭ್ಯವಾಗಿ ಬೈದಿದಾರೆ! ಒಂಬತ್ತು ವರ್ಷದ ಸಿಟ್ಟು, ಒಂದು ಕೆಟ್ಟ ಮಾತಿಲ್ಲದೆ! ಕೊಡೋ ಕೀ."

ಕೀ ಮೊಳೆಗೆ ಹೋಯಿತು. ಒಳಗಿಂದ ಅಕ್ಕ ಬಂದಳು. "ಹೋಗಲಿ ಬಿಡ್ರೀ. ರಸ್ತೆ ಹಾಳಾಗಿದ್ರೆ ಅವನೇನು ಮಾಡ್ತಾನೆ? ಪಾಪ, ಒಂದು ಕಾಲಲ್ಲಿ ಚಪ್ಪಲಿನೂ ಇಲ್ಲ," ಎಂದು ತಮ್ಮನ ತಲೆ ಸವರಿದಳು. ಭಾವನೂ ಮೊಳೆಯ ಕಡೆ ನೋಡಿ ಮೆತ್ತಗಾದರು. ಆಗ ಗಡಿಬಿಡಿ ಬಾಯಿ ಮುಚ್ಚಿಕೊಂಡಿದ್ದರೆ ಕೀ ಮರಳಿ ಕೈಗೆ ಬರುತ್ತಿತ್ತು. ಆದರೆ ಅವನೊಳಗೆ ಅನ್ಯಾಯ ಕುದಿಯುತ್ತಿತ್ತು.

"ಇಲ್ಲ ಅಕ್ಕಾ! ರಸ್ತೆ ಏನೂ ಮಾಡಲಿಲ್ಲ! ಇಡಿಯಾಗೇ ಮುಟ್ಟಿಸಿದ್ದೆ, ನಿನ್ನಾಣೆ! ಆಮೇಲೆ ನಾನೇ ವಾಪಸ್ ವ್ಯಾನಿಗೆ ಹಾಕ್ಕೊಂಡು ಹೋಗಿ, ಬೇಕು ಬೇಕಂತಲೇ ಒಡ್ಕೊಂಡು ಬಂದೆ!"

ತಲೆ ಸವರುತ್ತಿದ್ದ ಕೈ ನಿಂತಿತು.

"ಬೇಕಂತ?" ಅಂದಳು ಅಕ್ಕ. "ನನ್ನ ಎಂಬತ್ತು ಗುಲಾಬಿನ?"

"ಎಂಬತ್ತಲ್ಲ, ಎಪ್ಪತ್ತೆಂಟು. ಎರಡು ಆಡು ತಿಂತು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಅಂಗಡಿಯ ಬಾಗಿಲು ಎಳೆದು ಮುಚ್ಚಿದಳು. ಗೋಡೆಗೆ ಒರಗಿಸಿಟ್ಟಿದ್ದ ಉದ್ದನೆಯ ಲಟ್ಟಣಿಗೆಯನ್ನು ನಿಧಾನಕ್ಕೆ ಕೈಗೆ ತೆಗೆದುಕೊಂಡು— ಅರೆ, ಇದೇನು, ಎದ್ದು ಹೊರಟೇಬಿಟ್ರಾ? ನಿಮಗೂ ನಂಬಿಕೆ ಇಲ್ವಾ? ಸ್ವಾಮೀ, ಮುಖ್ಯವಾದದ್ದನ್ನೇ ಇನ್ನೂ ಹೇಳಿಲ್ಲ, ಆ ಲಟ್ಟಣಿಗೆ ಎತ್ತಿದವಳು ಆಮೇಲೆ ಏನು ಮಾಡಿದಳು ಅಂದ್ರೆ, ನೇರವಾಗಿ ಅವನ—