ಭಾವನವರ ಸ್ವೀಡನ್ ಬ್ಯಾಂಡು

ನಮ್ಮ ಭಾವನವರಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಹೆದರದ ಪ್ರಾಣಿ ಬೀದರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಹಾಗಂತ ಅವರೇನು ಪೈಲ್ವಾನರಲ್ಲ. ಹೆಚ್ಚೆಂದರೆ ಐವತ್ತು ಕೆಜಿ ತೂಗುವ ಮನುಷ್ಯ. ನೌಬಾದಿನಲ್ಲಿ ಟಿವಿ, ಮಿಕ್ಸರ್ ರಿಪೇರಿ ಅಂಗಡಿ. ಆದರೆ ಬೆಳ್ಳಿ ಬಣ್ಣದ ಅಂಗಿ ತೊಟ್ಟು, ಕಣ್ಣ ಸುತ್ತ ಕಪ್ಪು ಬಳಿದು, ಅರ್ಧ ಅಡಿ ಹಿಮ್ಮಡದ ಬೂಟು ಹಾಕಿಕೊಂಡು ಅವರು ಬೀದಿಗಿಳಿದರೆ ಓಣಿಯ ನಾಯಿಗಳು ಬೊಗಳುವುದನ್ನು ಮರೆತು ಗಟಾರ ಸೇರುತ್ತಿದ್ದವು. ಆ ನಾಯಿಗಳಿಗಿಂತ ಹೆಚ್ಚು ಹೆದರುತ್ತಿದ್ದವನು ನಾನು. ಯಾಕೆಂದರೆ ಅದೇ ವೇಷದಲ್ಲಿ ಅವರ ಹಿಂದೆ ನಡೆಯಬೇಕಾದವನು ನಾನೇ!

ಇದೆಲ್ಲ ಶುರುವಾದದ್ದು ರಿಪೇರಿಗೆ ಬಂದ ಒಂದು ಡಿವಿಡಿ ಪ್ಲೇಯರಿನಿಂದ. ಅದರ ಹೊಟ್ಟೆಯಲ್ಲಿ ಒಂದು ಡಿಸ್ಕು ಸಿಕ್ಕಿಕೊಂಡಿತ್ತು. ಪ್ಲೇಯರಿನವನು ಮರಳಿ ಬರಲಿಲ್ಲ, ಡಿಸ್ಕು ಭಾವನವರಿಗೆ ಉಳಿಯಿತು. ಹಾಕಿ ನೋಡಿದರೆ ಸ್ವೀಡನ್ ದೇಶದ ಒಂದು ಬ್ಯಾಂಡು! ಸೊಂಟದವರೆಗೆ ಕೂದಲು ಬಿಟ್ಟ ನಾಲ್ಕು ಜನ ಗಂಡಸರು, ಮೈತುಂಬ ಮಿಂಚು, ಕೈಯಲ್ಲಿ ಗಿಟಾರು, ಬಾಯಲ್ಲಿ ಅರಚಾಟ. ಅಕ್ಕ ನೋಡಿ, "ಇವ್ರ ಮನ್ಯಾಗ ಹೆಣ್ಮಕ್ಕಳಿಗಿ ಉಡಾಕ ಏನರೆ ಉಳದದೋ ಇಲ್ಲೋ?" ಎಂದಳು.

"ಇದಕ್ಕ ಗ್ಲಾಮ್ ರಾಕ್ ಅಂತಾರ. ಸ್ವೀಡನ್ನಾಗ ಇವ್ರಿಗಿ ಭಾಳ ಮರ್ಯಾದಿ ಅದ," ಎಂದರು ಭಾವ. "ಬೀದರದಾಗೂ ಒಂದು ಇರ್ಲಿ."

ಇರಲಿ ಎಂದರೆ ಮುಗಿಯಿತು! ಭಾವನವರು ಗಿಟಾರು ಮತ್ತು ಗಾಯನ. ಡ್ರಮ್ಮಿಗೆ ಅವರ ಬಾಲ್ಯದ ಗೆಳೆಯ, ಹಳೇ ಊರಿನ ಬಿದ್ರಿ ಕೆಲಸಗಾರ. ಅವರನ್ನು ಎಲ್ಲರೂ ಉಸ್ತಾದ ಎಂದೇ ಕರೆಯುವುದು. ದಿನವಿಡೀ ಸತುವಿನ ಹೂಜಿಗಳ ಮೇಲೆ ಉಳಿ ಇಟ್ಟು ಸುತ್ತಿಗೆ ಬಡಿಯುವ ಕೈ, ತಾಳ ತಪ್ಪುವ ಮಾತೇ ಇಲ್ಲ. ಕೀಬೋರ್ಡಿಗೆ ನಾನು. ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದುದೇ ನನ್ನ ಅಪರಾಧ. ನಾನೋ ಸರಕಾರಿ ಸಾಲೆಯ ಮಾಸ್ತರ! ಹೆಡ್‌ಮಾಸ್ತರರ ಕೆಮ್ಮು ಕೇಳಿದರೂ ಬೆವರುವವನು. "ಮಾರಿಗಿ ಬಣ್ಣ ಹಚ್ಚಿದ ಮ್ಯಾಲ ನಿನ್ನ ಯಾರ್ ಗುರ್ತ ಹಿಡೀತಾರ?" ಎಂದು ಭಾವ ಧೈರ್ಯ ಹೇಳಿದರು. ಅಕ್ಕ ಕಾರಿಗೆ ಹೊದಿಸುವ ಕವರಿನ ಬಟ್ಟೆ ತಂದು ಮೂವರಿಗೂ ಅಂಗಿ ಹೊಲಿದು, ಹಳೇ ಚೌರಿಗಳಿಂದ ಉದ್ದ ಕೂದಲೂ ಕಟ್ಟಿಕೊಟ್ಟಳು. ಬೀದರಿನ ಮೇ ತಿಂಗಳಲ್ಲಿ ಕಾರಿನ ಕವರು ತೊಟ್ಟವರಿಗೆ ಮಾತ್ರ ನನ್ನ ಕಷ್ಟ ಅರ್ಥವಾದೀತು.

ಕಣ್ಣಿಗೆ ಕಪ್ಪು ಬೇಕಲ್ಲ? ಬಿದ್ರಿ ಸಾಮಾನಿಗೆ ಕಪ್ಪು ಬರುವುದು ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದ್ದಿದಾಗ. ಭಾವನವರ ತಲೆ ಅಲ್ಲಿಗೇ ಓಡಿತು. ಉಸ್ತಾದರು ಕೈಮುಗಿದರು: "ಅರೆ ಭಾಯಿ, ಏ ಮಿಟ್ಟಿ ಜಸ್ತಕ್ಕ ಹಚ್ಚೂದು, ಮಾರಿಗಿ ಅಲ್ಲ!" ಸತುವಿಗೆ ಹತ್ತುವುದು ಮಾಸ್ತರನಿಗೆ ಹತ್ತುವುದಿಲ್ಲವೇ ಎಂದು ಭಾವ ಮೊದಲು ನನ್ನ ಮೇಲೆಯೇ ಪರೀಕ್ಷೆ ಮಾಡಿದರು. ಕಪ್ಪೇನೂ ಬರಲಿಲ್ಲ. ಎರಡೂ ಕಣ್ಣು ಊದಿ ಮುಚ್ಚಿದವು. ಮರುದಿನ ಹೆಡ್‌ಮಾಸ್ತರರು ಕೇಳಿದಾಗ ಜೇನು ಕಚ್ಚಿತು ಎಂದೆ. ಅವರು ಕನ್ನಡಕ ಏರಿಸಿ ನೋಡಿದರು. "ಎರಡೂ ಕಣ್ಣಿಗಿ ಸಮಾ ಅಳತಿ ಮ್ಯಾಲ ಕಡದಾವಲ್ರಿ ಮಾಸ್ತರ!"

ಮೊದಲ ಕಾರ್ಯಕ್ರಮ ಔರಾದಿನ ಒಂದು ಮದುವೆಯಲ್ಲಿ. ಕಾಡಿಗೆಯನ್ನೇ ಬಳಿದುಕೊಂಡು, ಜನ ಏನೆಸೆದರೆ ಯಾವ ಕಡೆ ಓಡಬೇಕೆಂದು ನಾನು ಮೊದಲೇ ನೋಡಿಟ್ಟುಕೊಂಡಿದ್ದೆ. ನಾವು ಚಪ್ಪರದೊಳಗೆ ಕಾಲಿಟ್ಟೆವೋ ಇಲ್ಲವೋ, ಮದುವಣಗಿತ್ತಿಯ ಅಜ್ಜಿ ಚಿಟ್ಟನೆ ಚೀರಿದಳು. ಸತ್ತೆವು ಎಂದುಕೊಂಡೆ. ಅಜ್ಜಿ ಒಳಗೆ ಓಡಿ ಮೊರದ ತುಂಬ ಜೋಳ, ಅದರ ಮೇಲೆ ಅರಿಶಿನ ಕುಂಕುಮ ಇಟ್ಟುಕೊಂಡು ಬಂದು ಭಾವನವರ ಬೂಟಿಗೆ ಹಣೆ ಹಚ್ಚಿದಳು! ಉದ್ದ ಕೂದಲು, ಬಳಿದ ಮುಖ, ಮಿಂಚುವ ಉಡುಪು: ಚಾಟಿ ಬೀಸುತ್ತ ಮನೆಮನೆಗೆ ಬರುವ ದೇವಿಯ ಪೋತರಾಜರೇ ಮೂವರು ಒಟ್ಟಿಗೆ ಬಂದಿದ್ದಾರೆಂದು ಅವಳ ನಂಬಿಕೆ. "ಚಾಟಿ ಎಲ್ಲದರಿ ಯಪ್ಪಾ?" ಎಂದು ಕೇಳಿದಳು. ಭಾವ ಗಿಟಾರಿನ ವಾಯರು ಎತ್ತಿ ತೋರಿಸಿದರು.

ನಮ್ಮ ಏಳಿಗೆ ಆ ಅಜ್ಜಿಯ ಕೃಪೆ. ಆಮೇಲೆ ಎಲ್ಲಿ ಹೋದರೂ, ಮನ್ನಳ್ಳಿಯಿರಲಿ ಅಷ್ಟೂರಿರಲಿ, ತಾಯಂದಿರು ಅಂಜುಬುರುಕ ಮಕ್ಕಳನ್ನು ಹೊತ್ತುಕೊಂಡು ಬಂದು, "ಒಂದೀಟು ಅಂಜಿಕಿ ಬಿಡಸ್ರಿ" ಎನ್ನುವರು. ಭಾವ ಕರೆಂಟು ಹೋಗುವುದರ ಮೇಲೆ ತಾವೇ ಕಟ್ಟಿದ ಹಾಡನ್ನು ಮಗುವಿನ ಮುಖದ ಮುಂದೆ ಒಮ್ಮೆ ಅರಚುವರು. ಮಕ್ಕಳ ಅಂಜಿಕೆ ಹೋಗುತ್ತಿತ್ತಂತೆ. ಹಾಗೆ ಹೋದದ್ದೆಲ್ಲ ನನ್ನೊಳಗೆ ಬಂದು ಸೇರುತ್ತಿತ್ತೆಂದು ನನ್ನ ಅನುಮಾನ.

ಬ್ಯಾಂಡು ಒಡೆದದ್ದು ಭಾಲ್ಕಿಯಲ್ಲಿ. ಯುವಕ ಸಂಘದ ವಾರ್ಷಿಕೋತ್ಸವ, ಮೈದಾನದ ತುಂಬ ಜನ. ಭಾವನವರು ಹಾಡು ಮುಗಿಸಿ ಕೈ ಮೇಲೆತ್ತಿ ನಿಂತರು. ಡ್ರಮ್ಮು ನಿಲ್ಲಲಿಲ್ಲ. ತಲೆ ಬಗ್ಗಿಸಿಕೊಂಡು ಉಸ್ತಾದರು ಬಾರಿಸುತ್ತಲೇ ಇದ್ದರು. ಜನ ಮೊದಲು ನಕ್ಕರು, ಆಮೇಲೆ ಸಿಳ್ಳೆ ಹೊಡೆದರು. ಭಾವನವರಿಗೆ ರೇಗಿತು. ಮೈಕಿನಲ್ಲೇ ಕೂಗಿದರು: "ಕಿವುಡಾಗೀದೇನೋ ಲೇ ಉಸ್ತಾದ?"

ಇಡೀ ಭಾಲ್ಕಿ ಹೊಟ್ಟೆ ಹಿಡಿದು ನಕ್ಕಿತು. ಉಸ್ತಾದರು ತಲೆ ಎತ್ತಿದರು, ನಗುವ ಜನರನ್ನು ನೋಡಿದರು. ನಾನು ಓಡಿಹೋಗಿ ಕಿವಿಯ ಬಳಿ ಬಾಯಿಟ್ಟು, ಹಾಡು ಮುಗಿದದ್ದನ್ನೂ ಭಾವನವರು ಅಂದದ್ದನ್ನೂ ಹೇಳಿದೆ. ಅವರು ಕೋಲುಗಳನ್ನು ಕೆಳಗಿಟ್ಟು, ಅದೇ ಬೆಳ್ಳಿ ಅಂಗಿಯಲ್ಲಿ ನಡೆದುಹೋಗಿ ಬೀದರಿನ ಬಸ್ಸು ಹತ್ತಿದರು. ಆಮೇಲೆ ಹನ್ನೆರಡು ವರ್ಷ ಮಾತಿಲ್ಲ.

ಭಾವನವರಿಗೆ ಪಶ್ಚಾತ್ತಾಪವಿತ್ತು, ಹೇಳಲು ಬಾಯಿರಲಿಲ್ಲ. ಸ್ವೀಡನ್ನಿನ ಬ್ಯಾಂಡೂ ಒಡೆಯಿತೆಂಬ ಸುದ್ದಿ ಮೊಬೈಲಿನಲ್ಲಿ ಬಂದಾಗ, "ನೋಡು, ದೊಡ್ಡ ಬ್ಯಾಂಡಂದ ಮ್ಯಾಲ ಒಡೀಲೇಬೇಕು," ಎಂದು ಸಮಾಧಾನಪಟ್ಟುಕೊಂಡರು. ಹೋದ ವರ್ಷ ಒಂದು ಮಧ್ಯಾಹ್ನ ನಮ್ಮ ಮನೆಗೆ ಏದುಸಿರು ಬಿಡುತ್ತ ಬಂದರು. "ಅವ್ರು ಕೂಡ್ಯಾರ! ಸ್ವೀಡನ್ನಾಗ ಮತ್ತ ಕೂಡಿ ಹಾಡ್ಲತ್ತಾರ! ನಾವ್ಯಾಕ ಕೂಡಬಾರ್ದು? ನೀ ಹೋಗಿ ಉಸ್ತಾದಗ ಕೇಳಿ ಬಾ."

"ನೀವೇ ಹೋಗ್ರಿ."

"ನನಗ ಅಂಜಿಕಿ ಬರ್ತದ."

ಜಿಲ್ಲೆಯನ್ನೇ ಹೆದರಿಸಿದ ಮನುಷ್ಯನ ಬಾಯಲ್ಲಿ ಈ ಮಾತು! ಇನ್ನು ನನ್ನ ಗತಿ? ಸುತ್ತಿಗೆ, ಉಳಿಗಳ ನಡುವೆ ಕೂತ ಮನುಷ್ಯನನ್ನು ಮಾತಾಡಿಸಬೇಕು! ನಾನು ಹೋದಾಗ ಉಸ್ತಾದರು ಬಾಗಿಲಿಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದರು. ಹೊಸ್ತಿಲಲ್ಲಿ ನಿಂತು ಸಲಾಂ ಹೇಳಿದೆ. ಭಾವನವರ ಪರವಾಗಿ ಕ್ಷಮೆ ಕೇಳಿದೆ. ಉಳಿ ಟಕಟಕ ಎನ್ನುತ್ತಲೇ ಇತ್ತು. ಏನು ಸಿಟ್ಟಪ್ಪ ಎಂದು ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದು ಭುಜ ಮುಟ್ಟಿದರು. ಉಸ್ತಾದರು ತಿರುಗಿ, ನನ್ನನ್ನು ಕಂಡು ಬೆಚ್ಚಿ, ಎದ್ದು ತಬ್ಬಿಕೊಂಡರು. "ಅರೆ ಮಾಸ್ತರ! ಯಾವಾಗ ಬಂದ್ರಿ?"

ಹೆಂಡತಿ ನನ್ನನ್ನು ಹೊರಗೆ ಕರೆದು ಹೇಳಿದರು. "ಭಾಲ್ಕಿಗಿ ಹೋಗೂ ಮೊದ್ಲೇ ಕಿವಿ ಹೋಗ್ಲತ್ತಿತ್ತು ಭಯ್ಯಾ. ದಿನಾ ಸುತ್ತಿಗಿ ಸಪ್ಪಳ ನೋಡ್ರಿ. ಹೇಳಿದ್ರ ಡ್ರಮ್ ಬಿಡಸ್ತಾರಂತ ಅಂಜಿ ಮುಚ್ಚಿಟ್ರು. ಈಗ ಏನೂ ಕೇಳಂಗಿಲ್ಲ. ಎದುರಿಗಿ ಕುಂತು ಮಾತಾಡಿದ್ರ ತುಟಿ ನೋಡಿ ತಿಳ್ಕೋತಾರ."

ಇದನ್ನು ಹೇಳಿದಾಗ ಭಾವನವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ನಾ ಅವನಿಗಿ ಮೈಕಿನಾಗ ಅಂದೆನಲ್ಲೋ," ಎಂದರು. ಮರುದಿನ ಅಂಜುತ್ತಲೇ ತಾವೇ ಹೋದರು. ಒಳಗೆ ಏನಾಯಿತೋ, ಹೊರಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವು. ಉಸ್ತಾದರದು ಎರಡೇ ಷರತ್ತು: ಬಾರಿಸಿದರೆ ಭಾಲ್ಕಿಯಲ್ಲೇ ಬಾರಿಸುವುದು, ಮತ್ತು ಕಿವಿಯ ವಿಷಯ ಯಾರಿಗೂ ಗೊತ್ತಾಗಕೂಡದು.

ಅದೇ ಮೈದಾನ, ಸಂಜೆ, ಅದೇ ಜನ. ಉಸ್ತಾದರು ಕೋಲುಗಳನ್ನು ಮತ್ತೆ ಮತ್ತೆ ಅಂಗಿಗೆ ಒರೆಸುತ್ತಿದ್ದರು. ಇನ್ನೊಮ್ಮೆ ತಾಳ ತಪ್ಪಿದರೆ, ಇನ್ನೊಮ್ಮೆ ಈ ಜನ ನಕ್ಕರೆ, ಆ ಮನುಷ್ಯ ಮನೆಯಿಂದ ಹೊರಗೆ ಬರಲಾರನೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಭಾವನವರು ಬಂದರು. ಕಣ್ಣಿಗೆ ಏನೂ ಹಚ್ಚಿರಲಿಲ್ಲ. ತುಟಿಗೆ ಮಾತ್ರ ಕಿವಿಯಿಂದ ಕಿವಿಯವರೆಗೆ ದಪ್ಪ ಕೆಂಪು! ಈ ವಯಸ್ಸಿನಲ್ಲಿ ಇದೇನು ಅವತಾರವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೈಕು ಹಿಡಿದು, ಭಾಲ್ಕಿಗೆ ಬೆನ್ನು ತಿರುಗಿಸಿ, ಡ್ರಮ್ಮಿನ ಎದುರು ನಿಂತರು.

"ಮಾರಿ ತೋರ್ಸೋ!" ಎಂದು ಕೂಗಿದರು ಜನ. ಒಂದು ಚಪ್ಪಲಿ ಬಂದು ಬೆನ್ನಿಗೆ ಬಿತ್ತು. ಭಾವ ತಿರುಗಲಿಲ್ಲ. ಒಂದೊಂದು ಅಕ್ಷರಕ್ಕೂ ಬಾಯಿಯನ್ನು ಅಗಲವಾಗಿ ತೆರೆದು, ಎದುರಿಗಿದ್ದ ಒಬ್ಬನಿಗಾಗಿ ಹಾಡಿದರು. ಉಸ್ತಾದರು ಆ ಕೆಂಪು ತುಟಿಗಳಿಂದ ಕಣ್ಣು ಕೀಳದೆ ಬಾರಿಸಿದರು. "ಸ್ವೀಡನ್ನಾಗ ಹಿಂಗೇ ನಿಂದರ್ತಾರೇನೋ," ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಗದ್ದಲ ನಿಂತಿತು. ಕೊನೆಯ ಹಾಡು ಮುಗಿದು ಭಾವನವರ ಬಾಯಿ ಮುಚ್ಚಿತು. ಅದೇ ಕ್ಷಣಕ್ಕೆ ಡ್ರಮ್ಮು ನಿಂತಿತು.

ಮೈದಾನ ಎದ್ದು ನಿಂತಿತು. ಉಸ್ತಾದರು ಮಾತ್ರ ಇನ್ನೂ ಭಾವನವರ ಮುಖವನ್ನೇ ನೋಡುತ್ತಿದ್ದರು, ಏನಾಯಿತೋ ಎಂಬ ಹೆದರಿಕೆಯಿಂದ. ಭಾವ ಮೈಕು ಕೆಳಗಿಟ್ಟು, ದನಿಯೇ ಇಲ್ಲದೆ, ತುಟಿಗಳಿಂದ ನಿಧಾನವಾಗಿ ಹೇಳಿದರು: "ಚಪ್ಪಾಳಿ ಹೊಡೀಲತ್ತಾರೋ ಉಸ್ತಾದ. ನಿನಗೇ."

ಆಗ ಉಸ್ತಾದರು ಕೋಲುಗಳನ್ನು ಕೆಳಗಿಟ್ಟು, ಭಾಲ್ಕಿಯ ಜನರ ಕಡೆ ಮುಖ ತಿರುಗಿಸಿದರು.